ಎಲ್ಲರ ಸಾವಿಗೂ ಒಂದೇ ಕಾರಣ

ಮರಣ ನೋಂದಣಿ ಕಚೇರಿಯ ಆ ಗುಮಾಸ್ತೆಯನ್ನು ಜೊತೆಯವರು ‘ಹಾರ್ಟಕ್ಕ’ ಎಂದು ರೇಗಿಸುತ್ತಿದ್ದರು. ಅಫೀಮಿನ ಜಾತಿಯ ನೋವಿನ ಮಾತ್ರೆ ಅತಿಯಾಗಿ ಸತ್ತ ಎಂದು ಶವಪರೀಕ್ಷೆಯ ಡಾಕ್ಟರ ಚೀಟಿ ಹೇಳಿದರೂ, ಕಾರಣದ ಕಾಲಮ್ಮಿನಲ್ಲಿ ಆಕೆ ಬರೆಯುತ್ತಿದ್ದುದು ಒಂದೇ: ‘ಹೃದಯ ನಿಂತು’. ಹಾಗೆ ಹೇಳಿಕೊಟ್ಟವರು ಸಾಹೇಬರು. “ಯಾರು ಸತ್ರೂ ಹಾರ್ಟ್ ನಿಲ್ಲತ್ತಲ್ಲಮ್ಮ, ಇದ್ರಲ್ಲಿ ಸುಳ್ಳೇನು ಬಂತು?” ದೇಶದಲ್ಲೆಲ್ಲ ಆ ಮಾತ್ರೆಯ ಸಾವಿನ ಗೆರೆ ನಕ್ಷೆಯಲ್ಲಿ ವರ್ಷವರ್ಷ ಮೇಲೇರುತ್ತಿದ್ದರೆ ಇವರ ಊರಿನದು ನೆಲಕ್ಕಂಟಿಕೊಂಡೇ ಇತ್ತು. ಏಳು ವರ್ಷ, ಏಳು ಸೊನ್ನೆ. ಸಾಹೇಬರು ಆ ನಕ್ಷೆಗೆ ಚೌಕಟ್ಟು ಹಾಕಿಸಿ ಗೋಡೆಗೆ ಬೇರೆ ತೂಗುಹಾಕಿದ್ದರು. ಥೂ!

ಲಾರಿ ಓಡಿಸುತ್ತಿದ್ದ ಆಕೆಯ ತಮ್ಮ ಹೋದ ವರ್ಷ ಸೊಂಟ ಮುರಿದುಕೊಂಡಾಗ ಅದೇ ಮಾತ್ರೆ ಬರೆದುಕೊಟ್ಟರು. ಜೊತೆಗೆ ಹೋಗಿದ್ದ ಅಕ್ಕನನ್ನು ಡಾಕ್ಟರ ಎದುರಿಗೇ ಕೇಳಿದ, “ಅಕ್ಕಾ, ಇದು ಒಳ್ಳೇದಲ್ಲ ಅಂತಾರಲ್ಲ?” ಡಾಕ್ಟರು ನಕ್ಕು ಒಂದು ಹಾಳೆ ಮುಂದಿಟ್ಟರು. “ಈ ಊರಲ್ಲಿ ಇದ್ರಿಂದ ಒಬ್ರೂ ಸತ್ತಿಲ್ಲ. ನಿಮ್ಮಕ್ಕನ ಆಫೀಸಿನ ಲೆಕ್ಕಾನೇ ನೋಡಿ.” ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಹೂಂ ಎಂದಳು. ಆಗ ಆಕೆಗೆ ನೆನಪಾದದ್ದು ನೌಕರಿ, ಹಾಳು ನೌಕರಿ!

ಈಗ ತಮ್ಮನ ಸಾವಿನ ಚೀಟಿಯೇ ಮೇಜಿನ ಮೇಲಿತ್ತು. ಸಾಹೇಬರು ಹಿಂದಿನಿಂದ ಬಗ್ಗಿ ಪಿಸುಗುಟ್ಟಿದರು, “ಹಾರ್ಟ್ ಅಂತ ಹಾಕಿಬಿಡಮ್ಮ. ನಿಮ್ಮನೆ ಮರ್ಯಾದೆ ನೋಡ್ಕೋ.” ಅವರ ಬಾಯಿಯ ಪೆಪ್ಪರಮೆಂಟಿನ ವಾಸನೆಗೆ ಆಕೆ ಕುರ್ಚಿ ಮುಂದಕ್ಕೆಳೆದುಕೊಂಡಳು. ಸಾಹೇಬರಿಗಿಂತ ತನ್ನ ಕೈಯನ್ನು ಕಂಡೇ ಹೆಚ್ಚು ಹೇಸಿಗೆಯಾಯಿತು.

“ಮರ್ಯಾದೆ ಸುಡುಗಾಡಿಗೆ ಹೋಗ್ಲಿ, ಸಾರ್,” ಎಂದವಳೇ ಇದ್ದದ್ದನ್ನು ಇದ್ದ ಹಾಗೆ ಬರೆದು, ಮೊಹರೊತ್ತಿ ಮೇಲಿನ ಕಚೇರಿಗೆ ಕಳಿಸಿದಳು.

ವಾರ ಕಳೆಯುವುದರೊಳಗೆ ಹಾಳೆ ವಾಪಸು ಬಂತು. ಮೇಲಿನ ಕಚೇರಿಯವರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ನಿಮ್ಮ ಊರಿನಲ್ಲಿ ಈ ಕಾರಣದಿಂದ ಯಾರೂ ಸತ್ತ ದಾಖಲೆ ಇಲ್ಲ. ಕೈತಪ್ಪಿರಬಹುದು. ಸರಿಪಡಿಸಿ ಕಳಿಸಿ.’

ಸಾಹೇಬರು ಹಲ್ಲು ಕಿರಿದರು. “ನಾನು ಬಡ್ಕೊಂಡೆ, ನೀನು ಕೇಳ್ಲಿಲ್ಲ.”

“ಸರಿಪಡಿಸ್ತೀನಿ ಸಾರ್.”

ಬೀರು ತೆರೆದು ಏಳು ವರ್ಷದ ಕಟ್ಟುಗಳನ್ನೂ ಇಳಿಸಿದಳು. ಧೂಳಿಗೆ ಸಾಹೇಬರು ಕೆಮ್ಮಿದರು, “ಏಯ್, ಏನಮ್ಮಾ ಮಾಡ್ತಿದೀಯ?” ಆಕೆ ಮೊದಲ ಕಟ್ಟಿನ ದಾರ ಬಿಚ್ಚಿದಳು. ತಮ್ಮನೊಬ್ಬನ ಸಾವನ್ನು ನಂಬಿಸಬೇಕಾದರೆ ಮೊದಲು ಅದೇ ಮಾತ್ರೆಗೆ ಸತ್ತ ಇವರೆಲ್ಲರ ಸಾವನ್ನೂ ನಂಬಿಸಬೇಕಿತ್ತು. ಕಟ್ಟಿನ ಮೇಲಿನ ಹಾಳೆ ಪಕ್ಕದ ಬೀದಿಯ ದರ್ಜಿಯದು, ವಯಸ್ಸು ಇಪ್ಪತ್ತಾರು; ಹಿಂದೆ ಪಿನ್ನು ಹಾಕಿದ ಡಾಕ್ಟರ ಚೀಟಿ ಹಾಗೇ ಇತ್ತು. ಕಾರಣದ ಕಾಲಮ್ಮಿನಲ್ಲಿ ತನ್ನದೇ ಗುಂಡು ಗುಂಡು ಅಕ್ಷರ. ಅದನ್ನು ಹೊಡೆದುಹಾಕಿ ಮಾತ್ರೆಯ ಹೆಸರು ಬರೆದಳು, ಕೆಳಗೆ ತನ್ನ ರುಜು ಹಾಕಿದಳು.