ಟವೆಲ್ ಕೆಳಗಿನ ಎರಡು ಬೆರಳು

ಬಸ್ ಕೆಡಬಹುದಿತ್ತು. ನನ್ನ ತಮ್ಮ ಗುಳಿಗೆ ನುಂಗಲು ಮರೆಯಬಹುದಿತ್ತು. ಬೋರ್ಡಿನ ಮುಂದೆ ನಿಂತು ಖಾಲಿ ಮೂಲೆಯ ಜೊತೆ ಮಾತಾಡಬಹುದಿತ್ತು. ಹುಡುಗರು ನಗಬಹುದಿತ್ತು. ‘ಇಷ್ಟು ವರ್ಷ ಎಲ್ಲಿದ್ರಿ?’ ಎಂದು ಪ್ರಿನ್ಸಿಪಾಲರು ಕೇಳಬಹುದಿತ್ತು. ಜಹೀರಾಬಾದಿನಲ್ಲಿ ಭೂಕಂಪವೂ ಆಗಬಹುದಿತ್ತು. (ನಗಬೇಡಿ. ಚಿಂತೆ ಮಾಡಲೆಂದೇ ಕೂತ ಮೇಲೆ ಭೂಕಂಪವನ್ನೇಕೆ ಬಿಡಬೇಕು?)

ನನ್ನ ತಮ್ಮ ಬೀರಪ್ಪನಿಗೆ ಗಣಿತ ನೀರು ಕುಡಿದಷ್ಟು ಸಲೀಸು. ಅವನಿಗೆ ಸ್ಕಿಜೋಫ್ರೇನಿಯಾ ಕೂಡ ಇದೆ. ಎರಡೂ ಒಂದೇ ತಲೆಯಲ್ಲಿ ಬಾಡಿಗೆಗಿವೆ. ಪರಸ್ಪರ ಪರಿಚಯ ಅಷ್ಟಕ್ಕಷ್ಟೇ. ಹಿಂದೆ ತಾಂಡೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವನು, ಒಂದು ದಿನ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡತೊಡಗಿದ. ಕೆಲಸ ಹೋಯಿತು. ಆಮೇಲೆ ಡಾಕ್ಟರು, ಗುಳಿಗೆ, ನಾರಾಯಣಖೇಡದ ಮನೆ. ಮತ್ತೆ ಪಾಠ ಹೇಳಲು ಕರೆ ಬಂದದ್ದು ಕಳೆದ ವಾರವೇ. ಜಹೀರಾಬಾದಿನ ಕೋಚಿಂಗ್ ಸೆಂಟರಿನಲ್ಲಿ ಡೆಮೊ ಕ್ಲಾಸ್.

ನಮ್ಮದು ಕುರಿ ಸಾಕುವ ಮನೆತನ. ಸಂತೆಯಲ್ಲಿ ಕುರಿಯ ದರವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಮುಗಿಸುತ್ತೇವೆ. ಅಣ್ಣತಮ್ಮಂದಿರು ಅದನ್ನೇ ಕಾಯಿಲೆಗೂ ಬಳಸಿಕೊಂಡೆವು. ಅವನು ನನ್ನ ಒಂದು ಬೆರಳು ಹಿಡಿದರೆ ತಲೆಯಲ್ಲಿ ದನಿಗಳಿಲ್ಲ. ಎರಡು ಹಿಡಿದರೆ ಇವೆ, ಸಂಭಾಳಿಸುತ್ತೇನೆ. ಇಡೀ ಕೈ ಹಿಡಿದರೆ, ನಡಿ ಮನೆಗೆ.

ಡೆಮೊ ಹೇಗಾಯಿತು? ಒಂದೇ ಲೆಕ್ಕವನ್ನು ಮೂರು ದಾರಿಯಲ್ಲಿ ಬಿಡಿಸಿದ. ಬೆಲ್ ಹೊಡೆದರೂ ಹುಡುಗರು ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಬೆವರುತ್ತಿದ್ದವನು ನಾನೊಬ್ಬನೇ.

ಆಮೇಲೆ ಪ್ರಿನ್ಸಿಪಾಲರ ರೂಮಿನಲ್ಲಿ ಚಹಾ. ನನಗೆ ತಡೆಯಲಾಗಲಿಲ್ಲ. ಹೆಗಲ ಟವೆಲ್ ಇಳಿಸಿ ತಮ್ಮನ ಕೈ ಮೇಲೆ ಹಾಕಿದೆ. ಎರಡು ಬೆರಳು!

ಪ್ರಿನ್ಸಿಪಾಲರೂ ಕಲ್ಹೇರ್ ಕಡೆಯ ಕುರಿ ಮನೆಯವರೇ ಎಂದು ನನಗೇನು ಗೊತ್ತು?

“ಏನ್ರೀ, ನನ್ನ ಮುಂದೇ ಪಗಾರದ ದರ ಮಾಡಾಕತ್ತೀರೇನು?” ಎಂದು ನಗುತ್ತ ತಮ್ಮ ಕೈಯನ್ನೂ ಟವೆಲಿನೊಳಗೆ ತೂರಿಸಿದರು. “ಎರಡಾ? ಎರಡು ಅಂದ್ರ ಎಷ್ಟ್ರಿ?”

ಬೀರಪ್ಪ ಟವೆಲ್ ತೆಗೆದು ಮೇಜಿನ ಮೇಲಿಟ್ಟ.

“ದರ ಅಲ್ರಿ ಸರ್. ನನಗ ಸ್ಕಿಜೋಫ್ರೇನಿಯಾ ಅದ. ಗುಳಿಗಿ ತೊಗೋತೀನಿ. ತಲ್ಯಾಗ ದನಿ ಕೇಳಾಕತ್ತಾವೇನಂತ ನಮ್ಮಣ್ಣ ಕೇಳಿದ. ಎರಡು ಅಂದ್ರ ಅದಾವ, ಆದ್ರ ಫಿಕರ್ ಇಲ್ಲ.”

ಪ್ರಿನ್ಸಿಪಾಲರು ಕೈ ಹಿಂದಕ್ಕೆ ತೆಗೆದುಕೊಂಡರು. ಮುಗಿಯಿತು ಅಂದುಕೊಂಡೆ.

“ಪಾಠದಾಗೂ ಇದ್ದುವೇನು?”

“ಒಂದಿತ್ರಿ. ಮೂರನೇ ಸಾಲು ತಪ್ಪು ಅದ ಅಂತು. ತಿರುಗಿ ನೋಡಿದೆ. ಸರಿ ಇತ್ತು.”

ಅವರು ನಿಧಾನಕ್ಕೆ ಚಹಾ ಮುಗಿಸಿದರು. “ನಮ್ಮ ಮಾಸ್ತರು ಯಾರೂ ತಿರುಗೇ ನೋಡಂಗಿಲ್ಲ. ಸೋಮವಾರ ಬರ್ರಿ. ಜಡ ಆದ್ರ, ಆರಾಮ ತಪ್ಪಿದ್ರ, ಮೊದಲ ಹೇಳಬೇಕು, ಆತಿಲ್ರಿ?” ಆಮೇಲೆ ನನ್ನತ್ತ ಬೆರಳು ತೋರಿಸಿದರು. “ಇವರನ್ನ ಮಾತ್ರ ಕರ್ಕೊಂಡ್ ಬರಬ್ಯಾಡ್ರಿ. ಹಿಂದ ಕುಂತು ಒಬ್ಬರೇ ಗೊಣಗಾಕತ್ತಿದ್ರು. ಇವರಿಗೇ ಏನೋ ಆಗ್ಯಾದ ಅಂದ್ಕೊಂಡೆ!”

ಬೀರಪ್ಪ ಬಿದ್ದುಬಿದ್ದು ನಕ್ಕ. ಅಷ್ಟು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಬಸ್ ಕೆಡಲಿಲ್ಲ. ಭೂಕಂಪವೂ ಆಗಲಿಲ್ಲ. ಎಡವಟ್ಟಾದದ್ದು ಒಂದೇ: ನನ್ನ ಟವೆಲ್ ಆ ಮೇಜಿನ ಮೇಲೇ ಉಳಿದುಬಿಟ್ಟಿತು.

ಸೋಮವಾರ ಅದನ್ನು ತರಲು ನಾನು ಹೋಗಲೇಬೇಕಲ್ಲವೇ?