ಅತ್ತೆಯ ಅರಿಶಿನದ ಹಾಡು ಫ್ರೆಂಚಾಗಿ ಬಂದ ದಿನ

ಪುಟ್ಟೀ, ಚಿನ್ನೂ,

ನಿಮ್ಮ ಚಿಕ್ಕಮ್ಮನ ಮದುವೆಯಲ್ಲಿ ನಡೆದದ್ದನ್ನು ಹೇಳು ಹೇಳು ಎಂದು ಕಾಡುತ್ತೀರಲ್ಲ, ಇದೋ. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಟೈಪು ಮಾಡಲು ನಾಚಿಕೆಯಿಲ್ಲ. ಇದನ್ನೆಲ್ಲ ನಾನೇ ಕೂತು ಹೊಡೆದಿದ್ದೇನೆ. ಒತ್ತು, ದೀರ್ಘ ಎಲ್ಲ ನೆಟ್ಟಗಿವೆ, ಬೇಕಾದರೆ ನೋಡಿಕೊಳ್ಳಿ.

ನಾನು ಓದಿದ್ದು ಊರ ಶಾಲೆಯಲ್ಲಿ, ಅದೂ ಅಷ್ಟಕ್ಕಷ್ಟೆ. ನಿಮ್ಮ ತಾತ ಹೋದ ಮೇಲೆ ಕೊಡಿಗೇನಹಳ್ಳಿಯಿಂದ ಬಸ್ಸು ಹತ್ತಿ ಮಧುಗಿರಿಗೆ ಹೋಗಿ, ಮದುವೆ ಪತ್ರಿಕೆ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಕಸ ಗುಡಿಸಲು ಅಂತ ಸೇರಿದವಳು. ಅಂಗಡಿಯಾಕೆ ಒಂದು ದಿನ ನನ್ನ ಕೈಬರಹ ನೋಡಿ ಕಂಪ್ಯೂಟರ್ ಮುಂದೆ ಕೂರಿಸಿದಳು. ಗೋಡೆಗೆ ಮುಖ ಮಾಡಿ ಕೂರುವ ಕೆಲಸ, ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಶಿರಾದಿಂದ ಬಂದ ಮುಸ್ಲಿಂ ಮನೆಯವರು, "ಜ ಕೆಳಗೆ ಎರಡು ಚುಕ್ಕಿ ಇಡೀಮ್ಮ, ಇಲ್ಲಾಂದ್ರೆ ನಮ್ ಹುಡುಗನ ಹೆಸರು ಅವನದೇ ಅನ್ಸಲ್ಲ" ಎನ್ನುತ್ತಿದ್ದರು. ಆ ಚುಕ್ಕಿ ಯಾವ ಕೀಲಿಯಲ್ಲಿದೆ ಎಂದು ಹುಡುಕಲು ಒಂದು ಮಧ್ಯಾಹ್ನವೇ ಹಿಡಿಯಿತು. ಸಿಕ್ಕ ಮೇಲೆ ಬೆರಳು ಮರೆಯಲಿಲ್ಲ. ಪಾವಗಡದವರು ತೆಲುಗನ್ನು ಕನ್ನಡ ಅಕ್ಷರದಲ್ಲಿ ಕೇಳುತ್ತಿದ್ದರು. ಅದನ್ನೂ ಮಾಡಿಕೊಟ್ಟೆ.

ಈಗ ಹಾಡಿನ ವಿಷಯ. ನಮ್ಮ ಮನೆಯಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವ ಮೊದಲು ಒಂದು ಹಾಡು ಹೇಳಬೇಕು. ಅದು ಮುಗಿಯುವ ತನಕ ಯಾರೂ ಅರಿಶಿನದ ಬಟ್ಟಲು ಮುಟ್ಟುವಂತಿಲ್ಲ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತೆಯೂ ಇಲ್ಲ. ಅದು ನನ್ನ ಅತ್ತೆ ತಂದ ಹಾಡು. ಅತ್ತೆ ಬಲಸಮುದ್ರದ ಕಡೆಯವರು, ಅವರ ಕನ್ನಡದೊಳಗೆ ತೆಲುಗು ಕರೆಯದೆ ಬಂದು ಕೂರುತ್ತಿತ್ತು. "ಎಲ್ಲಿ ಬೆಳೆದೆಯೇ ಅರಿಶಿನ, ಯಾರ ಹೊಲದಲ್ಲಿ" ಎಂದು ಕೇಳಿ, ಪ್ರತಿ ನುಡಿಯನ್ನೂ "ಚೆಪ್ಪವೇ ತಲ್ಲಿ" ಎಂದು ಮುಗಿಸುವರು. ಹೇಳೇ ತಾಯಿ ಅಂತ. ಹೀಗೆ ಊರೂರು ಸುತ್ತಿಕೊಂಡು ಹೋಗುವ ಉದ್ದನೆಯ ಹಾಡು.

ಅತ್ತೆಗೆ ವಯಸ್ಸಾದಾಗ ನಾನು ಅವರನ್ನು ಅಂಗಡಿಗೇ ಕರೆದುಕೊಂಡು ಹೋದೆ.

"ನನ್ ಹಾಡು ಇದರೊಳಗೆ ಕೂತ್ಕಂತದೇನೇ?" ಎಂದು ಪರದೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಕೂತ್ಕಂತದೆ ಅತ್ತೆ. ನಿಧಾನಕ್ಕೆ ಹೇಳಿ. ಅಲ್ಲಲ್ಲಿ ನಿಲ್ಲಿಸಿ."

"ನಿಲ್ಸೋದಾ! ಅರ್ಧಕ್ಕೆ ನಿಲ್ಸಿದ್ರೆ ಮದುಮಗಳಿಗಾಗಲ್ಲ ಕಣೇ."

"ಇಲ್ಲಿ ಯಾವ ಮದುಮಗಳಿದ್ದಾಳೆ ಅತ್ತೆ?"

"ನಿನ್ ಮಿಶನ್ನೇ ಮದುಮಗಳು ಅಂದ್ಕೋ."

ನಾನು ಟೈಪಿನಲ್ಲಿ ಹಿಂದೆ ಬಿದ್ದಾಗಲೆಲ್ಲ ಅವರು ಕೊನೆ ಮುಟ್ಟಿಸಿ, ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದರು. ಪತ್ರಿಕೆ ಮಾಡಿಸಲು ಬಂದವರು ಅದನ್ನು ಮರೆತು ಬಾಗಿಲಲ್ಲಿ ನಿಂತರು. ಅಂಗಡಿಯಾಕೆ ಟೀ ತರಿಸಿದಳು. ಸಂಜೆ ಬಸ್ಸಿನ ಹೊತ್ತಿಗೆ ಹಾಡೆಲ್ಲ ಒಳಗೆ ಕೂತಿತ್ತು. ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಮನೆಗೆ ತಂದೆ.

ಅತ್ತೆ ಹೋಗಿ, ಅಂಗಡಿ ಮುಚ್ಚಿ, ಕೆಲವು ವರ್ಷ ಕಳೆದ ಮೇಲೆ ನಿಮ್ಮ ಚಿಕ್ಕಮ್ಮನ ಮದುವೆ ಬಂತು. ಅಜ್ಜಿಯನ್ನು ಅವ್ವ ಅನ್ನುತ್ತಿದ್ದ ಅವಳದು ಒಂದೇ ಹಟ, "ಅವ್ವನ ಹಾಡಿಲ್ಲದೆ ನಾನು ಅರಿಶಿನಕ್ಕೆ ಕೂರಲ್ಲ." ನನಗೆ ಧಾಟಿ ನೆನಪಿತ್ತು. ಮಾತುಗಳು ಮಾತ್ರ ಅಲ್ಲೊಂದು ಇಲ್ಲೊಂದು. ಅದಕ್ಕೇನಂತೆ, ಕಾಗದಕ್ಕೆ ಇಳಿಸಿ ಮುತ್ತೈದೆಯರ ಕೈಗೆ ಕೊಟ್ಟರಾಯಿತು ಎಂದುಕೊಂಡಿದ್ದೆ.

ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ, ಪುಟ್ಟೀ, ನೀನು ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದೆ.

"ಅಜ್ಜೀ, ಇದು ಫ್ರೆಂಚ್ ಕಣಜ್ಜೀ!"

ನೋಡಿದರೆ ಪರದೆ ತುಂಬ ಇಂಗ್ಲಿಷಿನ ಎ, ಇ, ಐ. ಒಂದೊಂದರ ತಲೆಯ ಮೇಲೂ ಏನೋ ಒಂದು. ಒಂದಕ್ಕೆ ಓರೆ ಗೀಟು, ಒಂದಕ್ಕೆ ಹಾವಿನಂಥ ಗೆರೆ, ಒಂದಕ್ಕೆ ಎರಡು ಚುಕ್ಕಿ. ನಡುನಡುವೆ ಪೌಂಡಿನ ಗುರುತು. ಒಂದೇ ಒಂದು ಕನ್ನಡ ಅಕ್ಷರವಿಲ್ಲ.

ಚನ್ನರಾಯನದುರ್ಗದಿಂದ ಬಂದಿದ್ದ ನನ್ನ ಓರಗಿತ್ತಿ ಇಣುಕಿ ನೋಡಿದಳು. "ಅತ್ತೆ ಹಾಡ್ನ ಮಿಶನ್ ಬಾಯಿಗೆ ಹಾಕ್ಬುಟ್ಟೆ ಬುಡು. ಸ್ಪೀಕರಲ್ಲಿ ಸಿನಿಮಾ ಹಾಡು ಹಾಕ್ಸಣ."

ನಿಮ್ಮ ಅಪ್ಪನೂ ಬಂದರು. "ವೈರಸ್ ಹೊಡೆದಿದೆ. ಡಿಲೀಟ್ ಮಾಡಿಬಿಡೋಣ, ಇಲ್ಲಾಂದ್ರೆ ಲ್ಯಾಪ್‌ಟಾಪೂ ಕೆಡುತ್ತೆ."

ಅಳಿಯನ ಎದುರು ನಾನು ಬಾಗಿಲ ಮರೆಯಲ್ಲಿ ನಿಂತು, ಮಗಳ ಕೈಲಿ ಹೇಳಿಸಿಯೇ ಮಾತಾಡುವವಳು. ಅವತ್ತು ಮಗಳು ಹತ್ತಿರವಿರಲಿಲ್ಲ. "ಬೇಡಿ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಕುರ್ಚಿ ಎಳೆದುಕೊಂಡು ಕೂತು ಪುಟವನ್ನು ದಿಟ್ಟಿಸಿದೆ. ಮೇಲುಗಡೆ ನಡುಮಧ್ಯದಲ್ಲಿ, ಒಂಟಿಯಾಗಿ, ಪುಟ್ಟದೊಂದು ಎರಡರ ಅಂಕಿ, ಒಂದಕ್ಕೊಂದು ಅಂಟಿಕೊಂಡ ಎ-ಇ, ಹಾವಿನ ಗೆರೆ ಹೊತ್ತ ಒಂದು ಎ. ಮುಂದಿನ ಪುಟದ ನೆತ್ತಿಯ ಮೇಲೂ ಅದೇ. ಅದರ ಮುಂದಿನದರಲ್ಲೂ ಅದೇ. ಪುಟದ ನೆತ್ತಿಗೆ ನಾನು ಏನು ಹಾಕುತ್ತೇನೆ? ಶ್ರೀಕಾರ. ದಿನಸಿ ಚೀಟಿ ಬರೆದರೂ ಮೇಲೊಂದು ಶ್ರೀ ಇಡದೆ ನಮ್ಮ ಕಡೆ ಯಾರು ಬರೆಯುತ್ತಾರೆ? ಪ್ರತಿ ನುಡಿಯ ಕೊನೆ ನೋಡಿದೆ. ಅಲ್ಲಿಯೂ ಅದೇ ಗುರುತುಗಳು, ಅದೇ ಸಾಲಾಗಿ, ಮತ್ತೆ ಮತ್ತೆ. ಚೆಪ್ಪವೇ ತಲ್ಲಿ, ಚೆಪ್ಪವೇ ತಲ್ಲಿ. ಕೆಟ್ಟುಹೋದದ್ದು ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ.

"ಹಾಡು ಎಲ್ಲೂ ಹೋಗಿಲ್ಲ ಕಣೇ ಪುಟ್ಟಿ. ವೇಷ ಹಾಕ್ಕೊಂಡು ಕೂತಿದೆ."

"ಓ! ಹಳೇ ಫಾಂಟಾ ಅಜ್ಜಿ?" ಎಂದು ನೀನು ತಟ್ಟನೆ ಹಿಡಿದೆ. ಆ ಕಾಲದ ನಮ್ಮ ಅಕ್ಷರಗಳು ಯಾವುದೋ ದೇಶದ ಅಕ್ಷರಗಳ ಜಾಗದಲ್ಲಿ ಬಾಡಿಗೆಗಿದ್ದವಂತೆ. ಆ ಫಾಂಟು ಇಲ್ಲದ ಕಡೆ ಮನೆಯ ಯಜಮಾನರೇ ಟೋಪಿ ಇಟ್ಟುಕೊಂಡು ಬಾಗಿಲಿಗೆ ಬರುತ್ತಾರಂತೆ. ನೀನು ಫೋನು ಹಿಡಿದು ಮಾಳಿಗೆಗೆ ಓಡಿದೆ, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುವುದು. ಹಳೆಯದನ್ನು ಹೊಸದಕ್ಕೆ ತಿರುಗಿಸುವ ದಾರಿ ಹುಡುಕಿಕೊಂಡು ಇಳಿದು ಬಂದೆ. ಅಕ್ಷರಗಳು ಟೋಪಿ ಕಳಚಿ ಕನ್ನಡವಾಗಿ ನಿಂತವು. ಕೆಲವು ಒತ್ತು ಉದುರಿದ್ದವು, ಅರ್ಕಾವತ್ತು ಪಕ್ಕದ ಮನೆಗೆ ಹಾರಿತ್ತು. ಅದನ್ನೆಲ್ಲ ನಾನು ಸರಿಮಾಡಿದೆ. ನಿನ್ನ ಲ್ಯಾಪ್‌ಟಾಪಿನ ಕೀಲಿಗಳು ಮೆತ್ತಗೆ, ನನ್ನ ಬೆರಳು ಅಂಗಡಿಯ ಗಡುಸು ಕೀಲಿಗೆ ಒಗ್ಗಿದ್ದು. ಆದರೂ ತಡವರಿಸಲಿಲ್ಲ.

ಮರುದಿನ ಮುತ್ತೈದೆಯರ ಕೈಗೆಲ್ಲ ಹಾಳೆ ಕೊಟ್ಟೆವು. ನಾನು ಎಂದಿನಂತೆ ಒಳಗೆ ಅಕ್ಕಿ ಆರಿಸುತ್ತಾ ಕೂತೆ. ಗಂಡ ಹೋದವಳು ಅರಿಶಿನದ ಹತ್ತಿರ ಸುಳಿಯಬಾರದು ಅನ್ನುವುದು ನಿಮಗೂ ಗೊತ್ತು. ಹೊರಗೆ ಓರಗಿತ್ತಿ ಹಾಳೆ ಹಿಡಿದು ಓದತೊಡಗಿದಳು. ಹಾಡಲಿಲ್ಲ, ಓದಿದಳು, ಪಂಚಾಯ್ತಿ ನೋಟೀಸಿನ ಹಾಗೆ. ಯಾರಿಗೂ ಧಾಟಿ ಬಾರದು. ಒಬ್ಬೊಬ್ಬರು ಒಂದೊಂದು ಕಡೆ ಎಳೆದು ನಗತೊಡಗಿದರು.

"ಅಮ್ಮಾ, ನೀನೇ ಬಾ" ಎಂದು ಮದುಮಗಳು ಮಣೆಯ ಮೇಲಿಂದ ಕೂಗಿದಳು.

ಮುತ್ತೈದೆಯರೆಲ್ಲ ಓರಗಿತ್ತಿಯ ಮುಖ ನೋಡಿದರು. ಆಮೇಲೆ ಓರಗಿತ್ತಿಯೇ, "ಬಾರಮ್ಮ ಅತ್ಲಾಗೆ. ನಾವು ಇಂಗೇ ಹೇಳ್ತಿದ್ರೆ ನಾಳೆ ಗಂಟಾನೂ ಈ ಮಗೀಗೆ ಅರಿಶಿನ ಬೀಳಲ್ಲ" ಎಂದಳು.

ಎದ್ದು ಹೋದೆ. ಮರೆಯಲ್ಲಿ ನಿಲ್ಲಲಿಲ್ಲ, ಮಣೆಯ ಪಕ್ಕದಲ್ಲೇ ಕೂತೆ. ಹಾಳೆ ನೋಡಿಕೊಂಡು ಮೊದಲ ನುಡಿ ಎತ್ತಿದೆ. ಎರಡನೆಯದರಲ್ಲಿ ದನಿ ನೆಟ್ಟಗಾಯಿತು. ಎಲ್ಲರೂ ಹಿಂದೆ ಸೇರಿಕೊಂಡರು. ಕೊನೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಮುಗಿದ ಮೇಲೆ ನಿಮ್ಮ ಚಿಕ್ಕಮ್ಮ ಬಟ್ಟಲನ್ನು ಮೊದಲು ನನ್ನ ಕಡೆಗೆ ಚಾಚಿದಳು. ನಾನೇ ಹಚ್ಚಿದೆ.

ಚಿನ್ನು ಆಗ ನಿದ್ದೆ ಮಾಡುತ್ತಿದ್ದಳು, ಅವಳಿಗಾಗಿಯೇ ಇಷ್ಟು ಉದ್ದ ಬರೆದೆ. ಇದರ ಹಿಂದೆ ಇಡೀ ಹಾಡನ್ನು ಸೇರಿಸಿದ್ದೇನೆ. ಧಾಟಿಗೆ ಯಾವ ಕೀಲಿಯೂ ಇಲ್ಲ, ಅದಕ್ಕೆ ರಜೆಯಲ್ಲಿ ನೀವೇ ಬಂದು ನನ್ನ ಹತ್ತಿರ ಕೂರಬೇಕು. ಇದನ್ನು ಬರಿಯ ಮಿಶನ್ನಿನಲ್ಲಿ ಬಿಡಬೇಡಿ. ಕಾಗದಕ್ಕೆ ಇಳಿಸಿ ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಗೆದ್ದಲು ಮುಟ್ಟದ ಕಡೆ ಇಡಿ, ಮನೆ ಬದಲಾಯಿಸಿದಾಗ ಮೊದಲು ಇದನ್ನು ಎತ್ತಿಕೊಳ್ಳಿ.