ಲೀಟಾ ಅತ್ತಿಗೆ ಹಾಕಿದ ಊಟ

ನಮ್ಮ ಲೀಟಾ ಅತ್ತಿಗೆ ಬಾಯಿ ಬಿಟ್ಟು ಕಾಲೇಜಿನ ಫುಟ್‌ಬಾಲ್ ತಂಡದ ಮಾನ ಕಳೆದಳು ಅಂತ ಕ್ಷೌರದಂಗಡಿಯಲ್ಲಿ ಕೂತು ಹರಟುತ್ತಾರಲ್ಲ, ಆ ಮಹಾನುಭಾವರಿಗೆ ನಾನು ಒಂದೇ ಮಾತು ಕೇಳುತ್ತೇನೆ. ನಿಮ್ಮಲ್ಲಿ ಅವಳ ಕೈಯಡುಗೆ ತಿನ್ನದವರು ಯಾರಾದರೂ ಇದ್ದರೆ ಎದ್ದು ನಿಲ್ಲಿ. ಒಬ್ಬರೂ ಏಳುವುದಿಲ್ಲ, ನನಗೆ ಗೊತ್ತು. ತಿನ್ನುವಾಗ ಬೆರಳು ಚೀಪಿದ ಬಾಯಿಗಳೇ ಈಗ ಅವಳನ್ನು ಆಡಿಕೊಳ್ಳುತ್ತಿವೆ.

ಒಲೀಟಾ ಪ್ರೂಯಿಟ್ ನನ್ನ ಅಣ್ಣ ಹೊಸಿಯಾನ ಹೆಂಡತಿ. ನಾನು ವಾಷ್ಟಿ, ಅವಳ ನಾದಿನಿ, ಪಕ್ಕದ ಮನೆಯವಳು. ಮಿಸಿಸಿಪಿಯ ಈ ಹ್ಯಾರೋ ಬೆಂಡ್ ಊರಿನಲ್ಲಿ ಕಾಲೇಜಿನ ಮೈದಾನಕ್ಕೆ ಬಿಳಿ ಗೆರೆ ಬಳಿಯುವುದು ಹೊಸಿಯಾನ ಕೆಲಸವಾಗಿತ್ತು. ಶುಕ್ರವಾರವೆಲ್ಲ ಬಗ್ಗಿಕೊಂಡು ಗೆರೆ ಎಳೆದು, ಶನಿವಾರ ಆಟ ನೋಡುವುದನ್ನು ಬಿಟ್ಟು ಗೆರೆ ಯಾರು ತುಳಿದರು ಅಂತ ನೋಡುತ್ತಿದ್ದ, ಪುಣ್ಯಾತ್ಮ. ಅವನು ಕೆಲಸ ಬಿಟ್ಟಾಗ ಕಾಲೇಜಿನವರು ಗಂಡ ಹೆಂಡತಿಗೆ ಬದುಕಿರುವ ತನಕ ಎರಡು ಸೀಟು ಕೊಟ್ಟರು, ಬಿಸಿಲು ಕಣ್ಣಿಗೆ ಹೊಡೆಯುವ ಮೂಲೆಯಲ್ಲಿ. ಅದೇ ದೊಡ್ಡ ಮರ್ಯಾದೆ ಅಂತ ಅತ್ತಿಗೆ ಹಿಗ್ಗಿದಳು. ತಂಡದ ಅಭಿಮಾನಿಗಳು ವರ್ಷಕ್ಕೊಮ್ಮೆ ಔತಣ ಮಾಡಿ, ತಿಂಡಿ ತಿನಿಸು ಹರಾಜು ಹಾಕಿ ತಂಡಕ್ಕೆ ಹಣ ಎತ್ತುತ್ತಾರೆ. ಆ ಹರಾಜಿಗೆ ಅವಳ ಸಿಹಿಗೆಣಸಿನ ಪೈಗಳು ತಪ್ಪದೆ ಹೋಗುತ್ತಿದ್ದವು.

ಅವರಿಗೆ ಮಕ್ಕಳಾಗಲಿಲ್ಲ. ಹೊಸಿಯಾ ಹೋದ ಮೇಲೆ ಅತ್ತಿಗೆಯ ಭಾನುವಾರದ ಮೇಜು ಇನ್ನೂ ಉದ್ದವಾಯಿತು. ಚರ್ಚಿನಿಂದ ಬರುವ ದಾರಿಯಲ್ಲಿ ಯಾರ ನೆರಳು ಅವಳ ಜಗಲಿಯ ಮೇಲೆ ಬಿದ್ದರೂ ಊಟ ಮಾಡದೆ ಬಿಡುತ್ತಿರಲಿಲ್ಲ. ಹೊರಡುವಾಗ ಕೈಯಲ್ಲಿ ಪಾತ್ರೆ, ಅದರ ಮೇಲೆ ಮುಚ್ಚಿದ ಫಾಯಿಲ್ ಹಾಳೆ. ಆ ಪಾತ್ರೆ ಖಾಲಿ ವಾಪಸು ಬರುವಂತಿಲ್ಲ, ಅದು ನಮ್ಮ ಕಡೆಯ ರೀತಿ. ನಾಲ್ಕು ಪೀಚ್ ಹಣ್ಣೋ, ಎರಡು ಮೊಟ್ಟೆಯೋ, ಏನೂ ಗತಿಯಿಲ್ಲದಿದ್ದರೆ ಹಿತ್ತಲ ಹೂವೋ ಹಾಕಿ ಕೊಡಬೇಕು.

ಕ್ಲೀವನ್ ಬಂದದ್ದು ಹೀಗೆಯೇ ಒಂದು ಭಾನುವಾರ, ತಾಯಿಯ ಜೊತೆ. ಆಗ ಅವನು ಶಾಲೆಯ ಕೊನೆಯ ವರ್ಷದಲ್ಲಿದ್ದ. ನಮ್ಮ ಫುಟ್‌ಬಾಲ್ ಅಂದರೆ ಚೆಂಡು ಹೊತ್ತು ಓಡುವ ಆಟ; ಚೆಂಡು ಕಂಕುಳಲ್ಲಿಟ್ಟು ಓಡಲು ನಿಂತರೆ ಇವನನ್ನು ಹಿಡಿಯುವವರಿಲ್ಲ ಅಂತ ಹೆಸರಾಗಿ, ಎಲ್ಲ ಕಾಲೇಜಿನವರೂ ಅವನ ಹಿಂದೆ ಬಿದ್ದಿದ್ದರು. ಒಬ್ಬೊಬ್ಬರೂ ಅವರ ಮನೆಯ ಮುರುಕು ಸೋಫಾದ ಮೇಲೆ ಕೂತು ಆಕಾಶ ತೋರಿಸಿ ಹೋಗಿದ್ದರು. ತಾಯಿ ಕೋಳಿ ಕಾರ್ಖಾನೆಯಲ್ಲಿ ಕೊಯ್ಯುವ ಕೆಲಸದವಳು. ತಣ್ಣನೆಯ ಮಾಂಸ ಕೊಯ್ದು ಕೊಯ್ದು ಅವಳ ಬೆರಳುಗಳು ಮಡಚುತ್ತಿರಲಿಲ್ಲ, ಫೋರ್ಕನ್ನು ಮುಷ್ಟಿಯಲ್ಲಿ ಹಿಡಿದು ತಿನ್ನುತ್ತಿದ್ದಳು. ಅತ್ತಿಗೆ ಆ ಕೈಯನ್ನೇ ನೋಡಿದಳು.

"ಇಲ್ಲಿಗೇ ಕಳಿಸು ತಾಯಿ," ಅಂದಳು. "ಹೆತ್ತ ಮಗನ ಥರ ನೋಡ್ಕೋತೀನಿ. ಆ ಕಾರ್ಖಾನೆಗೆ ಮಾತ್ರ ಇವನು ಹೋಗ್ಬಾರ್ದು."

ತಾಯಿಗೆ ಯಾವ ಕೋಚ್ ಹೇಳಿದ್ದೂ ನಾಟಿರಲಿಲ್ಲ, ಇದು ನಾಟಿತು. ಕ್ಲೀವನ್ ನಮ್ಮ ಕಾಲೇಜಿಗೇ ಸೇರಿದ.

ಸೇರಿದ ಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಎಲ್ಲರೂ ಕರೆಯುವ ಹಾಗೆ ಮೊದಮೊದಲು 'ಮಿಸ್ ಲೀಟಾ' ಅನ್ನುತ್ತಿದ್ದವನು ಯಾವಾಗಲೋ 'ಅಮ್ಮಾ' ಅಂದುಬಿಟ್ಟ. ಅವತ್ತು ಅತ್ತಿಗೆ ಒಲೆಯ ಕಡೆ ತಿರುಗಿ ಬಹಳ ಹೊತ್ತು ಏನನ್ನೋ ಕಲಕುತ್ತ ನಿಂತಳು. ನಾನು ಸುಮ್ಮನಿರಬೇಕಲ್ಲ, "ಏನೋ, ಇಡೀ ಕೋಳಿ ಮುಗಿಸ್ದೆ, ಮೂಳೆ ಆದ್ರೂ ನಂಗೆ ಬಿಡೋ," ಅಂದರೆ, "ನೀವು ಚರ್ಚಲ್ಲಿ ಊರೋರನ್ನೆಲ್ಲ ಅಗಿದು ತಿಂದಾಗಿದೆಯಲ್ಲ ಆಂಟಿ, ಹೊಟ್ಟೆ ತುಂಬಿಲ್ವಾ?" ಅನ್ನುತ್ತಿದ್ದ. ಭಂಡ. ತಾಯಿಯನ್ನು ನೋಡಿ ಬರಲು ಬಸ್ಸಿಲ್ಲ ಅಂದಾಗ ಅತ್ತಿಗೆ ಹೊಸಿಯಾನ ಹಳೆಯ ಟ್ರಕ್ಕಿನ ಕೀಲಿ ಕೊಟ್ಟಳು. ಅದು ಕೆಮ್ಮುತ್ತ, ಹೊಗೆ ಕಾರುತ್ತ ಹೋಗಿ ಬರುತ್ತಿತ್ತು.

ಆ ಟ್ರಕ್ಕೇ ಮುಳುವಾಯಿತು. ಕೋಳಿ ಕೊಯ್ಯುವವಳ ಮಗನಿಗೆ ಗಾಡಿ ಎಲ್ಲಿಂದ ಬಂತು, ಕೊಂಡುಕೊಂಡು ತಂದ ಆಟಗಾರ ಇವನು ಅಂತ ಅವನನ್ನು ಕಳೆದುಕೊಂಡ ಎದುರಾಳಿ ಕಾಲೇಜಿನವರು ಕಾಲೇಜು ಆಟಗಳ ಮಂಡಳಿಗೆ ದೂರು ಹಾಕಿದರು. ಕಾಲೇಜಿನ ಆಟಗಾರ ಯಾರಿಂದಲೂ ಹಣ, ಗಾಡಿ ಮುಟ್ಟುವಂತಿಲ್ಲ ಅಂತ ಅದರ ನಿಯಮ. ಹಾಗೆ ನೋಡಿದರೆ ನಮ್ಮ ತಂಡ ಶುದ್ಧವೇನಲ್ಲ. ಕಾರು ಮಾರುವ ಹಾಯ್ಟ್ ಕ್ರೆನ್‌ಶಾ ಕೆಲವು ಆಟಗಾರರನ್ನು ಪಳಪಳ ಹೊಳೆಯುವ ಕಾರುಗಳಲ್ಲಿ ಓಡಾಡಿಸುತ್ತಿದ್ದುದು ನಾಯಿ ನರಿಗೂ ಗೊತ್ತಿತ್ತು. ವಿಚಾರಣೆ ಬರುತ್ತದೆ ಅಂತ ತಿಳಿದಾಗ ಎಲ್ಲರಿಗೂ ಗುಟ್ಟಾಗಿ ಪಾಠವಾಯಿತು, ಏನು ಕೇಳಿದರೂ ಗೊತ್ತಿಲ್ಲ, ನೆನಪಿಲ್ಲ ಅನ್ನಿ ಅಂತ. ಪೈ ಮಾಡುವ ಮುದುಕಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ವಿಚಾರಣೆಗೆ ಮಂಡಳಿ ಕಳಿಸಿದ ಮನುಷ್ಯ ಪೆನ್ರೋಡ್ ಭಾನುವಾರ ಮಧ್ಯಾಹ್ನವೇ ಬಂದ. ಕ್ಲೀವನ್ ಆಗಷ್ಟೇ ಎದ್ದು ಹೋಗಿದ್ದ, ತಟ್ಟೆಗಳಿನ್ನೂ ಮೇಜಿನ ಮೇಲಿದ್ದವು. ಪೆನ್ರೋಡ್ ಟೋಪಿ ಕೈಯಲ್ಲಿ ಹಿಡಿದು, ಊಟ ಬೇಡ ಅಂದ. "ಉಣ್ಣದೇ ಇರೋರ ಹತ್ರ ನಾನು ಮಾತಾಡಲ್ಲ," ಅಂದಳು ಅತ್ತಿಗೆ. ಪಾಪ, ಕೂತು ಎರಡು ತುತ್ತು ತಿಂದ. ಆಮೇಲೆ ನೋಟುಪುಸ್ತಕ ತೆಗೆದು ಮೆಲ್ಲಗೆ ಕೇಳಿದ:

"ಅಮ್ಮಾ, ಆ ಹುಡುಗ ಓಡಿಸೋ ಟ್ರಕ್ಕು ಕ್ರೆನ್‌ಶಾ ಕೊಟ್ಟಿದ್ದಂತೆ?"

ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗನನ್ನು ಕಳ್ಳ ಅಂತಿದ್ದಾನಲ್ಲ ಅಂತ.

"ಯಾವನ್ರೀ ಹಾಗಂದಿದ್ದು? ಅದು ನಮ್ಮ ಯಜಮಾನರ ಟ್ರಕ್ಕು! ಕೀಲಿ ನಾನೇ ಅವನ ಕೈಗೆ ಹಾಕಿದ್ದು. ಪೆಟ್ರೋಲೂ ನಂದೇ."

ನಾನು ಮೇಜಿನ ಕೆಳಗೆ ಅವಳ ಕಾಲಿಗೆ ಒದ್ದೆ.

"ಅವನಿಗೆ ಕಳ್ಳದುಡ್ಡು ಯಾಕ್ರೀ ಬೇಕು? ಭಾನುವಾರ ಭಾನುವಾರ ಊಟ ಇಲ್ಲೇ. ಬಟ್ಟೆ ಒಗೆಯೋದು ನಾನೇ. ಚಳಿಗಾಲದ ಕೋಟು ಯಜಮಾನರದು, ತೋಳು ಬಿಚ್ಚಿ ಉದ್ದ ಮಾಡಿ ಹೊಲಿದುಕೊಟ್ಟೆ. ಹಲ್ಲು ನೋವು ಅಂದಾಗ ಡಾಕ್ಟರ್ ಹತ್ರ ಕರ್ಕೊಂಡು ಹೋದೋಳು ನಾನು."

ಮತ್ತೊಮ್ಮೆ ಒದ್ದೆ, ಜೋರಾಗಿ.

"ಯಾಕೇ ವಾಷ್ಟಿ, ಹಸು ಥರ ಒದೀತೀಯ?" ಅಂದಳು ಮಹಾತಾಯಿ, ಅವನೆದುರಿಗೇ.

"ತಂಡಕ್ಕೆ ನಿಮ್ಮಿಂದ ಏನಾದ್ರೂ ಸಹಾಯ ಹೋಗುತ್ತಾ?" ಪೆನ್ರೋಡ್‌ನ ದನಿ ಸಣ್ಣದಾಗಿತ್ತು.

"ವರ್ಷಾ ವರ್ಷಾ ಪೈ ಕಳಿಸ್ತೀನಿ. ನನ್ನ ಪೈಗೆ ಬಿದ್ದಷ್ಟು ಕೂಗು ಬೇರೆ ಯಾವುದಕ್ಕೂ ಬೀಳಲ್ಲ, ಕೇಳಿ ನೋಡಿ."

"ಈ ಕಾಲೇಜಿಗೇ ಬಾ ಅಂತ ಅವನಿಗೆ ಯಾರು ಹೇಳಿದ್ದು?"

"ಯಾರು ಅಂದ್ರೆ? ನಾನೇ!" ಅತ್ತಿಗೆ ಎದೆ ಮುಟ್ಟಿಕೊಂಡು ಹೇಳಿದಳು. "ಅವರಮ್ಮನ್ನ ಈ ಕುರ್ಚಿ ಮೇಲೆ ಕೂರಿಸಿ ನಾನೇ ಹೇಳ್ದೆ."

ಪೆನ್ರೋಡ್ ಬರೆಯುವುದನ್ನು ನಿಲ್ಲಿಸಿ ತಟ್ಟೆಯನ್ನೇ ನೋಡುತ್ತ ಕೂತ. "ನಾನು ಈ ಊರಲ್ಲಿ ಎಷ್ಟೋ ಜನರನ್ನ ಕೇಳ್ದೆ," ಅಂದ. "ನಿಜ ಹೇಳಿದ್ದು ನೀವೊಬ್ಬರೇ." ಅತ್ತಿಗೆ ಅದನ್ನು ಹೊಗಳಿಕೆ ಅಂದುಕೊಂಡು, ಪೈ ಕಟ್ಟಿಕೊಟ್ಟು ಕಳಿಸಿದಳು. ಅವನು ಅದನ್ನು ಜಗಲಿಯ ಕಟಕಟೆಯ ಮೇಲೆ ಇಟ್ಟು ಹೋಗಿದ್ದ. ಸಂಜೆಗೆ ಇರುವೆ ಮುತ್ತಿತ್ತು.

ಒಳ್ಳೆಯದು ಮಾಡಿದೆ ಅಂತ ಅತ್ತಿಗೆ ವಾರವೆಲ್ಲ ಹಾಡು ಗುನುಗಿಕೊಂಡು ಓಡಾಡಿದಳು. ಆಮೇಲೆ ನಮ್ಮ ತಂಡದ ಕೋಚ್ ಸ್ಟ್ರಿಕ್ಲಿನ್ ಬಂದು ಬಾಗಿಲಲ್ಲೇ ನಿಂತು ಹೇಳಿದ. ತಂಡಕ್ಕೆ ಏನೇ ಕೊಟ್ಟವರೂ, ಒಂದು ಪೈ ಆದರೂ ಸರಿ, ನಿಯಮದ ಲೆಕ್ಕದಲ್ಲಿ ತಂಡದ 'ಹಿತೈಷಿ'. ಹಿತೈಷಿಯ ಕೈಯಿಂದ ಆಟಗಾರನಿಗೆ ಅಂಗಿಯ ಒಂದು ಗುಂಡಿಯೂ ಹೋಗುವಂತಿಲ್ಲ, ನಮ್ಮಲ್ಲಿಗೆ ಬಾ ಅಂತ ಹಿತೈಷಿ ಕರೆಯುವಂತಿಲ್ಲ. ಕ್ಲೀವನ್‌ಗೆ ಮೈದಾನ ಬಂದ್. ಕ್ರೆನ್‌ಶಾನ ಮೇಲೆ ಏನೂ ರುಜುವಾತಾಗಲಿಲ್ಲ. ಅವನು ಮುಂದಿನ ಶನಿವಾರವೂ ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ, ಹಾಳಾದವನು!

ಅತ್ತಿಗೆ ನೆಲಕ್ಕೆ ಕುಸಿದು ಕೂತಳು. "ನನ್ನ ಬಾಯಿಗೆ ಮಣ್ಣು ಹಾಕ, ಏನು ಮಾಡ್ಬಿಟ್ಟೆನೇ ವಾಷ್ಟಿ," ಅಂತ ತಲೆ ಚಚ್ಚಿಕೊಂಡಳು. ಮರುದಿನದಿಂದ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಕಾಲೇಜಿಗೆ ಅಲೆಯಲು ಶುರುಮಾಡಿದಳು. ಸೀಟುಗಳನ್ನು ವಾಪಸು ಕೊಟ್ಟಳು. ನಾನು ಹೇಳಿದ್ದೆಲ್ಲ ಸುಳ್ಳು, ಬೈಬಲ್ ಮುಟ್ಟಿ ಹೇಳ್ತೀನಿ ಅಂದಳು. ಜೀವಮಾನದಲ್ಲಿ ಒಂದು ಸುಳ್ಳು ಹೇಳದವಳು ಅವತ್ತು ಸುಳ್ಳು ಹೇಳಲು ಅಂಗಲಾಚಿದಳು, ಯಾರೂ ತೆಗೆದುಕೊಳ್ಳಲಿಲ್ಲ. ನಾನೂ ಜೊತೆಗಿದ್ದೆ. ಕಾಲೇಜಿನ ಆ ಉದ್ದನೆಯ ಕಾರಿಡಾರಿನಲ್ಲಿ ನಮ್ಮನ್ನು ಕಂಡೂ ಕಾಣದ ಹಾಗೆ ಹೋದವರಲ್ಲಿ ಅರ್ಧ ಜನ ಅವಳ ಮೇಜಿನ ಮೇಲೆ ತಿಂದವರೇ.

ಕೊನೆಗೆ ಕೋಚ್ ಒಳಗೆ ಕರೆದ.

"ಒಂದೇ ದಾರಿ ಇದೆ ಮಿಸ್ ಲೀಟಾ. ಮೇಲ್ಮನವಿ ಹಾಕಿದೀವಿ. ನಿಮಗೂ ಅವನಿಗೂ ಇನ್ನು ಸಂಬಂಧ ಇಲ್ಲ ಅಂತ ಕಾಲೇಜು ಮಾತು ಕೊಡುತ್ತೆ. ಮುಂದಿನ ವರ್ಷ ಅವನನ್ನ ಆಡೋಕೆ ಬಿಡಬಹುದು. ಆದರೆ ನಿಮ್ಮ ಮನೇಲಿ ಅವನು ಒಂದು ಸಲ ಕಂಡ್ರೂ ಮುಗೀತು. ಓದೂ ಹೋಯ್ತು, ಆಟಾನೂ ಹೋಯ್ತು, ಕಾರ್ಖಾನೆಗೆ ಹೋಗಿ ಕೋಳಿ ಕೊಯ್ಬೇಕು."

"ಅವನು ಬರಲ್ಲ ಬಿಡಿ," ಅಂದಳು ಅತ್ತಿಗೆ.

"ಬಂದೇ ಬರ್ತಾನಂತೆ. ಆಟ ಬೇಕಾದ್ರೆ ಬಿಡ್ತೀನಿ, ಅಮ್ಮನ್ನ ಬಿಡಲ್ಲ ಅಂತ ನನ್ನ ಮುಖಕ್ಕೇ ಹೇಳಿದಾನೆ. ಅವನು ಬರದ ಹಾಗೆ ನೀವೇ ಮಾಡ್ಬೇಕು."

ಅತ್ತಿಗೆ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ನಡೆದಳು.

ಭಾನುವಾರ ಬಂತು. ಅವಳು ಒಲೆ ಹಚ್ಚಲಿಲ್ಲ. ಮುಂಬಾಗಿಲಿಗೆ ಚಿಲಕ ಹಾಕಿ, ಪರದೆ ಎಳೆದು, ಬಾಗಿಲ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಳು. ಆ ಮನೆಯ ಬಾಗಿಲು ಭಾನುವಾರ ಮುಚ್ಚಿದ್ದನ್ನು ನಾನು ಹೊಸಿಯಾ ಸತ್ತಾಗಲೂ ನೋಡಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು.

"ಅಮ್ಮಾ?" ಬಾಗಿಲು ತಟ್ಟಿದ. "ಅಮ್ಮಾ, ನಾನು."

ಅತ್ತಿಗೆ ಸೆರಗಿನ ಹಾಗೆ ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

"ಇದೀರ ಅಂತ ಗೊತ್ತು. ಊಟ ಬೇಡಮ್ಮ. ಸುಮ್ನೆ ಜಗಲಿ ಮೇಲೆ ಕೂತಿದ್ದು ಹೋಗ್ತೀನಿ. ಕೂತ್ಕೊಳ್ಳೋಕೂ ನಿಯಮ ಇದೆಯಾ?"

ನಾನು ಪರದೆಯ ಸಂದಿಯಲ್ಲಿ ಇಣುಕಿದೆ; ಎದುರುಮನೆಯ ಕಿಟಕಿಯ ಪರದೆ ಅಲುಗಿತು, ಯಾರೋ ನೋಡುತ್ತಿದ್ದರು. ನಾನು ಅತ್ತಿಗೆಯ ಭುಜ ಹಿಡಿದೆ. ಅವಳು ಏಪ್ರನ್ ಬಾಯಿಂದ ತೆಗೆದು, ನಾನು ಎಂದೂ ಕೇಳದ ದನಿಯಲ್ಲಿ ಕಿರುಚಿದಳು:

"ಹೋಗೋ! ನನ್ನ ಜಗಲಿ ಇಳಿದು ಹೋಗು! ನಿನ್ನ ಹೊಟ್ಟೆ ತುಂಬಿಸಿ ತುಂಬಿಸಿ ಸಾಕಾಗಿದೆ ನಂಗೆ. ನೀನೇನು ನಾನು ಹೆತ್ತ ಮಗನಾ? ಯಾವ ಊರೋ, ಯಾರ ಮಗನೋ! ನಿನ್ನಿಂದ ನನ್ನ ಗಂಡನ ಸೀಟೂ ಹೋಯ್ತು, ಮಾನಾನೂ ಹೋಯ್ತು. ಇನ್ನೊಂದ್ಸಲ ಇಲ್ಲಿ ಕಾಲಿಟ್ರೆ ಪೊಲೀಸ್‌ನ ಕರೀತೀನಿ!"

ನನಗೆ ಬಾಗಿಲು ತೆಗೆದು ಅಳು ಮೋರೆಯ ಈ ಮುದುಕಿಯನ್ನು ಅವನಿಗೆ ತೋರಿಸಿಬಿಡೋಣ ಅನ್ನಿಸಿತು. ಅವಳು ನನ್ನ ಮಣಿಕಟ್ಟನ್ನು ಉಗುರು ನೆಡುವ ಹಾಗೆ ಹಿಡಿದಿದ್ದಳು.

"ಮಿಸ್ ಲೀಟಾ," ಅಂದ ಅವನು ಕೊನೆಗೆ. ಅಮ್ಮಾ ಅನ್ನಲಿಲ್ಲ. "ನಿಮ್ಮ ಪಾತ್ರೆ ಇಲ್ಲಿ ಇಟ್ಟಿದೀನಿ. ಟ್ರಕ್ಕಿನ ಕೀಲಿನೂ ಇದೆ."

ಹೆಜ್ಜೆ ಇಳಿದು ಹೋಯಿತು. ಅತ್ತಿಗೆ ಕುರ್ಚಿಯಿಂದ ಜಾರಿ ಬಾಗಿಲಿಗೆ ಹಣೆ ಒತ್ತಿ ಕೂತು, ಉಸಿರು ಸಿಕ್ಕದ ಹಾಗೆ ಅತ್ತಳು. "ಹೋದ್ನಾ? ತಿರುಗಿ ನೋಡಿದ್ನಾ?" ಅಂತ ಕೇಳಿದಳು. ನಾನು ಪರದೆ ಸರಿಸಿ ನೋಡಿದೆ. ತಿರುಗಿ ನೋಡದೆ ಹೋಗುತ್ತಿದ್ದ, ಆ ಕೋಟು ಹಾಕಿಕೊಂಡಿರಲಿಲ್ಲ. ಅದು ಜಗಲಿಯ ಮೇಲೆ ಮಡಚಿ ಇಟ್ಟಿತ್ತು.

ಪಾತ್ರೆ ತೊಳೆದು ಹೊಳೆಯುತ್ತಿತ್ತು. ಅದರ ತುಂಬ ಅಕ್ರೋಟಿನಂಥ ಪೆಕಾನ್ ಬೀಜ. ಹೊಸಿಯಾ ಗೆರೆ ಬಳಿಯುತ್ತಿದ್ದ ಮೈದಾನದ ಬದಿಯಲ್ಲಿ ಆ ಮರಗಳಿವೆ, ಅಲ್ಲಿ ಹೆಕ್ಕಿದ್ದು. ಒಂದೂ ಮುರಿಯದ ಹಾಗೆ ಸಿಪ್ಪೆ ಒಡೆದು ಬಿಡಿಸಿದ್ದ. ಆಟವಿಲ್ಲದೆ ಖಾಲಿ ಕೂತ ಶನಿವಾರಗಳಲ್ಲಿ ಬಿಡಿಸಿರಬೇಕು.

ಮೇಲ್ಮನವಿ ಗೆದ್ದಿತು. ಮರುವರ್ಷ ಅವನನ್ನು ಆಡಲು ಬಿಟ್ಟರು. ಮೊದಲ ಆಟದ ದಿನ ಅತ್ತಿಗೆಯ ಅಡುಗೆಮನೆಯಲ್ಲಿ ನಾವಿಬ್ಬರೂ ರೇಡಿಯೋ ಮುಂದೆ ಕೂತಿದ್ದೆವು. ಕ್ಲೀವನ್ ಚೆಂಡು ಹಿಡಿದ, ಓಡಿದ, ಕೊನೆಯ ಗೆರೆ ದಾಟಿದ. ರೇಡಿಯೋದವನು ಗಂಟಲು ಹರಿಯುವ ಹಾಗೆ ಕೂಗಿದ. ಮೈದಾನದ ಗದ್ದಲ ರೇಡಿಯೋದಲ್ಲೂ ಕೇಳಿತು, ಕಿಟಕಿಯಿಂದಲೂ ಕೇಳಿತು. ಅಷ್ಟು ಹತ್ತಿರ ನಮ್ಮ ಮನೆ.

ಅತ್ತಿಗೆ ಎದ್ದು ಹೋಗಿ ಕಪಾಟಿನ ಮೇಲಿನಿಂದ ಆ ಪಾತ್ರೆಯನ್ನು ಇಳಿಸಿಕೊಂಡು ಬಂದಳು. ಬೀಜ ಒಂದೂ ಕಡಿಮೆಯಾಗಿರಲಿಲ್ಲ. ಒಂದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ವಾಷ್ಟಿ, ಇದನ್ನ ಈಗ ನಾನು ತಿನ್ನಬಹುದೇನೇ? ಅವನಿಗೇನೂ ತೊಂದ್ರೆ ಆಗಲ್ಲ ತಾನೇ?"